ಶಾರ್ಕ್ ಎಂದು ತಂದದ್ದು ತೇಡೆ: ರೀಫ್ ಟ್ಯಾಂಕಿನ ಒಂದು ಪ್ರಕರಣ

"ಉಂದು ತೇಡೆ ಅತ್ತಾ?"

ಮೀನು ತುಂಬಿದ ಪ್ಲಾಸ್ಟಿಕ್ ತೊಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಮಾಷ್ಟ್ರ ಅಮ್ಮ ಕೇಳಿದ ಮೊದಲ ಮಾತು ಇದು. ಇದು ತೇಡೆ, ಅಂದರೆ ಕಡಲಿನ ಮೀಸೆ ಮೀನು, ಅಲ್ಲವಾ ಎಂದು. ಅಲ್ಲಮ್ಮ, ಶಾರ್ಕ್, ಅಂಗಡಿಯವನೇ ಹೇಳಿದ್ದಾನೆ ಎಂದರು ಮಾಷ್ಟ್ರು. ಅಮ್ಮ ಇನ್ನೊಮ್ಮೆ ನೋಡಿ, "ಮುಳ್ಳು ಜಾಗ್ರತೆ" ಎಂದಷ್ಟೇ ಹೇಳಿ ಒಳಗೆ ಹೋದರು. ಮುಂದಿನ ಹತ್ತು ತಿಂಗಳಲ್ಲಿ ನಮಗೆ ಗೊತ್ತಾಗಬೇಕಿದ್ದ ಬಹುಪಾಲು ಸಂಗತಿ ಆ ಎರಡು ವಾಕ್ಯಗಳಲ್ಲೇ ಇತ್ತು. ನಮಗೆ ಅದು ಕೇಳಿಸಲಿಲ್ಲ.

"ನಮಗೆ" ಎನ್ನುವುದಕ್ಕೆ ಕಾರಣವಿದೆ. ಈ ಪ್ರಕರಣದಲ್ಲಿ ತಪ್ಪು ಮಾಷ್ಟ್ರದ್ದು ಒಬ್ಬರದ್ದೇ ಅಲ್ಲ, ಸಲಹೆ ಕೊಟ್ಟ ನನ್ನದೂ ಹೌದು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಶಾಲೆ, ಊರು ಹೇಳುವುದಿಲ್ಲ. ಉಡುಪಿ ಆಸುಪಾಸು, ಕೆಂಪುಕಲ್ಲಿನ ಬಾವಿ ಇರುವ ಮನೆ, ಎಂದಿಟ್ಟುಕೊಳ್ಳಿ. ನಾನು ಮಂಗಳೂರಿನವ, ವರ್ಷಗಳಿಂದ ಟ್ಯಾಂಕ್ ಇಟ್ಟುಕೊಂಡವ. ಇಂಥ ಫೋನುಗಳು ನನಗೆ ಹೊಸತಲ್ಲ.

ಮಾಷ್ಟ್ರು ಹೊಸಬರೇನಲ್ಲ. ಮನೆಯ ಚಾವಡಿಯಲ್ಲಿ 4 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ರೀಫ್ ಟ್ಯಾಂಕ್, ಅಂದರೆ ಹವಳ ಸಾಕುವ ಉಪ್ಪುನೀರಿನ ಟ್ಯಾಂಕ್, ಎರಡು ವರ್ಷದಿಂದ ಚೆನ್ನಾಗಿ ನಡೆಯುತ್ತಿತ್ತು. ಹೆಚ್ಚುಕಡಿಮೆ 450 ಲೀಟರ್ ನೀರು, ಕೆಳಗೆ ಸಂಪ್ ಎನ್ನುವ ಫಿಲ್ಟರ್ ತೊಟ್ಟಿ, ನೊರೆಯಲ್ಲಿ ಕೊಳೆ ತೆಗೆಯುವ ಸ್ಕಿಮ್ಮರ್, ನೀರು ತಂಪಿಡುವ ಸಣ್ಣ ಚಿಲ್ಲರ್. ಲೆದರ್ ಕೋರಲ್, ಮಶ್ರೂಮ್, ಜೋಆಂಥಿಡ್‌ನಂಥ, ಹವಳದ ಬಳಗದ ಮೆದು ಜೀವಿಗಳು ಮಾತ್ರ. ಗಟ್ಟಿ ಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿವೆ. ಆ ವಿಷಯದಲ್ಲಿ ಮಾಷ್ಟ್ರು ಕಟ್ಟುನಿಟ್ಟು. ಮೀನೆಂದರೆ ಎರಡು ಕ್ಲೌನ್, ಐದು ಹಸಿರು ಕ್ರೋಮಿಸ್, ಒಂದು ಬ್ಲೆನ್ನಿ. ಜೊತೆಗೆ ಎರಡು ಕ್ಲೀನರ್ ಸಿಗಡಿ. ಇದಲ್ಲದೆ ಮಗಳಿಗೆಂದು 120 ಲೀಟರಿನ ಒಂದು ಸಿಹಿನೀರಿನ ಟ್ಯಾಂಕ್. ಆಗಸ್ಟಿನಲ್ಲಿ ಆ ಮೂರು "ಶಾರ್ಕ್"ಗಳು ಬಂದದ್ದು ಈ ಸಣ್ಣ ಟ್ಯಾಂಕಿಗೆ. ಹೆಬ್ಬೆರಳಿಗಿಂತ ತುಸು ಉದ್ದ, 7 ಸೆಂ.ಮೀ. ಬೆಳ್ಳಿಯ ಮೈ, ಕೆಳಗಿನ ರೆಕ್ಕೆಗಳು ಕಪ್ಪು, ಅಂಚಿಗೆ ಬಿಳಿ. ಹಿಂಡಾಗಿ ಗಸ್ತು ತಿರುಗುವುದನ್ನು ನೋಡಿದರೆ ಯಾರಿಗಾದರೂ ಶಾರ್ಕ್ ಎಂದೇ ಅನ್ನಿಸಬೇಕು.

ಇವು ಅಂಗಡಿಗಳಲ್ಲಿ ಕೊಲಂಬಿಯನ್ ಶಾರ್ಕ್, ಸಿಲ್ವರ್ ಟಿಪ್ ಶಾರ್ಕ್ ಎಂಬ ಹೆಸರಲ್ಲಿ ಸಿಗುತ್ತವೆ. ವೈಜ್ಞಾನಿಕವಾಗಿ ಆರಿಯೊಪ್ಸಿಸ್ ಸೀಮನ್ನೈ. ಮಧ್ಯ ಅಮೆರಿಕ ಮತ್ತು ದಕ್ಷಿಣ ಅಮೆರಿಕದ ಉತ್ತರ ಭಾಗದ ಪೆಸಿಫಿಕ್ ಕರಾವಳಿಯದು. ಮರಿಗಳು ನದಿಯಲ್ಲಿ, ಅಳಿವೆಯಲ್ಲಿ ಸಿಗುತ್ತವೆ. ಬೆಳೆದಂತೆ ಸಮುದ್ರದತ್ತ ಸರಿಯುತ್ತವೆ. ಸುಮಾರು 35 ಸೆಂ.ಮೀ. ತನಕ ಬೆಳೆಯಬಲ್ಲವು. ಮರಿ ಸಿಹಿನೀರಿನಲ್ಲಿ ಸಿಕ್ಕಿತು, ಆದ್ದರಿಂದ ಅಂಗಡಿಯಲ್ಲೂ ಸಿಹಿನೀರಿನ ಮೀನಾಗಿಯೇ ಮಾರಾಟವಾಗುತ್ತದೆ. ಬೆನ್ನಿನಲ್ಲೊಂದು, ಎದೆಯ ಎರಡು ಕಡೆ ಒಂದೊಂದು ಗರಗಸದಂಥ ವಿಷದ ಮುಳ್ಳು. ಮಲ್ಪೆಯಲ್ಲಿ ಬುಟ್ಟಿಗೆ ಬೀಳುವ ನಮ್ಮ ತೇಡೆ, ಶೇಡೆ ಎಂದೂ ಕರೆಯುವ ಮೀನು, ಇದೇ ಕುಟುಂಬದ್ದು. ಅಮ್ಮ ಕುಟುಂಬದ ಹೆಸರನ್ನೇ ಹೇಳಿದ್ದರು. ಭೂಪಟದಲ್ಲಿ ಮಾತ್ರ ಅರ್ಧ ಭೂಮಿ ತಪ್ಪಿತ್ತು.

ಬಾವಿನೀರು ಮುಚ್ಚಿಟ್ಟದ್ದು

ಮೊದಲ ಎರಡು ತಿಂಗಳು ಸುಖ. ಅಕ್ಟೋಬರಿನಲ್ಲಿ ಮೀನುಗಳು ಗಾಜಿಗೆ ಮೂತಿ ಒತ್ತಿ ಮೇಲೆ ಕೆಳಗೆ ಈಜುತ್ತಲೇ ಇರತೊಡಗಿದವು. ರೆಕ್ಕೆಯ ಅಂಚು ಹರಿಯಿತು, ಮೈ ಬೂದಿ ಬಣ್ಣಕ್ಕೆ ತಿರುಗಿತು. ಮಾಷ್ಟ್ರು ಒಂದರ ಹಿಂದೊಂದು ಎರಡು ಔಷಧಿ ಹಾಕಿದರು, ಪ್ರಯೋಜನವಾಗಲಿಲ್ಲ. ನನಗೆ ಫೋನು ಬಂದದ್ದು ಆಗ. ಫೋಟೋ ನೋಡಿದ ಕೂಡಲೇ ಇದಕ್ಕೆ ಔಷಧಿಯಲ್ಲ, ಉಪ್ಪು ಬೇಕು ಎಂದೆ. ಅಷ್ಟರ ಮಟ್ಟಿಗೆ ಸರಿ.

"ಯಾವ ಉಪ್ಪು? ಕಲ್ಲುಪ್ಪು ಆದೀತಾ?" ಆಗದು, ಸಮುದ್ರದ ಟ್ಯಾಂಕಿಗೆ ಬಳಸುವ ಮಿಶ್ರಣವನ್ನೇ ಹಾಕಿ ಎಂದೆ. ಅಡುಗೆ ಉಪ್ಪಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಕಾರ್ಬೊನೇಟುಗಳು ಬೇಕಾದಷ್ಟು ಇರುವುದಿಲ್ಲ. ನೀರಿನ ಪಿಎಚ್, ಅಂದರೆ ಆಮ್ಲ-ಕ್ಷಾರದ ಮಟ್ಟ, ಹಿಡಿದು ನಿಲ್ಲಿಸುವ ಶಕ್ತಿ ಅದಕ್ಕಿಲ್ಲ. ಮಲ್ಪೆಯಿಂದ ಕ್ಯಾನಿನಲ್ಲಿ ಸಮುದ್ರದ ನೀರು ತರುವ ಯೋಚನೆಯೂ ಅವರಿಗಿತ್ತು. ಬಂದರಿನ ಹತ್ತಿರದ ನೀರಿನಲ್ಲಿ ದೋಣಿಗಳ ಡೀಸೆಲ್ ಇದ್ದೀತು, ಮಳೆಗಾಲದಲ್ಲಿ ನದಿಯ ಕೆಸರೂ ಚಪ್ಪೆ ನೀರೂ ಸೇರಿರುತ್ತವೆ ಎಂದು ಅದನ್ನೂ ಬೇಡವೆಂದೆ.

ನವೆಂಬರಿನ ಒಂದು ಸಂಜೆ ಅವರು ಮೊದಲ ಕಂತಿನ ಉಪ್ಪು ಕರಗಿಸಿ ಹಾಕಿದರು. ಉಪ್ಪಿನ ಮಟ್ಟ ತೋರಿಸುವ ನೀರಿನ ಸಾಪೇಕ್ಷ ಸಾಂದ್ರತೆ 1.004ಕ್ಕೆ ಬಂತು. ಸಮುದ್ರದ ನೀರು 1.025 ಎನ್ನುವುದನ್ನು ನೆನಪಿಟ್ಟರೆ ಇದು ಸಾರಿಗೆ ಹಾಕಿದ ಉಪ್ಪಿಗೂ ಸಮವಲ್ಲ. ರಾತ್ರಿ ಹತ್ತೂವರೆಗೆ ಫೋನು: "ಮೂರೂ ಮೇಲೆ ಬಂದು ಬಾಯಿ ಬಿಡ್ತಾ ಇವೆ. ಉಪ್ಪು ಇವಕ್ಕೆ ಆಗಿ ಬರುವುದಿಲ್ಲ."

ಇದು ಮೊದಲ ತಿರುವು. ಆ ಗಳಿಗೆಯಲ್ಲಿ ಉಪ್ಪುನೀರು ತೆಗೆದು ಬಾವಿನೀರು ತುಂಬಿಸಿ ಎಂದುಬಿಡುತ್ತಿದ್ದೆ. ಬಾಯಿತನಕ ಬಂದಿತ್ತು. ಆದರೆ ಅಳಿವೆಯ ಮೀನು ಇಷ್ಟು ಉಪ್ಪಿಗೆ ಒದ್ದಾಡುವುದು ಲೆಕ್ಕಕ್ಕೆ ಕೂಡಿ ಬರಲಿಲ್ಲ. ಮೀನಿನ ಕೊಳೆಯಿಂದ ಬರುವ ಅಮೋನಿಯಾ ನೋಡಿ, ಪಿಎಚ್ ನೋಡಿ ಎಂದೆ. ಅಮೋನಿಯಾ ಲೀಟರಿಗೆ 2 ಮಿಲಿಗ್ರಾಂ. ಪಿಎಚ್ 7.8. ಉಪ್ಪು ಹಾಕುವ ಮೊದಲು? 6.2.

ನಮ್ಮ ಕರಾವಳಿಯ ಕೆಂಪುಕಲ್ಲಿನ ಬಾವಿಗಳ ನೀರು ಮೆದು, ತುಸು ಆಮ್ಲೀಯ. ಕುಡಿಯಲು ಚೆಂದ. ಟ್ಯಾಂಕಿನಲ್ಲಿ ಅದು ಮೋಸ ಮಾಡುವ ಬಗೆಯೇ ಬೇರೆ. ಪಿಎಚ್ ಅಷ್ಟು ಕೆಳಗಿದ್ದರೆ ಅಮೋನಿಯಾವನ್ನು ತಿಂದು ಮುಗಿಸುವ ಬ್ಯಾಕ್ಟೀರಿಯಾಗಳು ಮಂಕಾಗುತ್ತವೆ, ಆದ್ದರಿಂದ ಅಮೋನಿಯಾ ಉಳಿದುಕೊಳ್ಳುತ್ತದೆ. ಹಾಗೆ ಉಳಿದದ್ದು ಬಹುತೇಕ ಅಮೋನಿಯಂ ರೂಪದಲ್ಲಿರುತ್ತದೆ, ಅದರಿಂದ ಮೀನಿಗೆ ಹೆಚ್ಚು ತೊಂದರೆಯಿಲ್ಲ. ಮಾಷ್ಟ್ರ ಟ್ಯಾಂಕಿನಲ್ಲಿ ಈ ಸಾಲ ವಾರಗಟ್ಟಲೆ ಸದ್ದಿಲ್ಲದೆ ಬೆಳೆದಿತ್ತು. ಸಮುದ್ರದ ಉಪ್ಪಿನ ಮಿಶ್ರಣ ಬಿದ್ದೊಡನೆ ಪಿಎಚ್ ಜಿಗಿಯಿತು. ಆ ಜಿಗಿತದಲ್ಲಿ ವಿಷರೂಪಿ ಅಮೋನಿಯಾದ ಪಾಲು ಮೂವತ್ತು ನಲವತ್ತು ಪಟ್ಟು ಏರುತ್ತದೆ. ಮೀನು ಒದ್ದಾಡಿದ್ದು ಉಪ್ಪಿಗಲ್ಲ. ಉಪ್ಪು ಹಳೆಯ ಸಾಲವನ್ನು ಒಂದೇ ಸಂಜೆ ವಸೂಲಿ ಮಾಡಿತ್ತು.

ಆ ರಾತ್ರಿ ಮಾಡಿದ್ದು ಇಷ್ಟು. ರೀಫ್ ಟ್ಯಾಂಕಿಗೆಂದು ತಯಾರಿಸಿಟ್ಟಿದ್ದ ಉಪ್ಪುನೀರನ್ನು ಬಾವಿನೀರಿಗೆ ಬೆರೆಸಿ ಅದೇ 1.004ಕ್ಕೆ ತಂದು, ಅರ್ಧ ಟ್ಯಾಂಕ್ ಬದಲಿಸಿ, ಬೆಳಗ್ಗೆ ಮತ್ತೆ ಅರ್ಧ. ಎರಡು ಉಳಿದವು. ಒಂದು ಬೆಳಗಾಗುವ ಮೊದಲೇ ಸತ್ತಿತು. ಬಾವಿನೀರಿನ ಪಿಎಚ್ ಕೇಳದೆ ಉಪ್ಪು ಹಾಕಲು ಹೇಳಿದ್ದು ನಾನು.

ಕಾಯುವ ಕೆಲಸ

ಮುಂದಿನ ಮೂರು ತಿಂಗಳನ್ನು ಬೇಗ ಹೇಳಿ ಮುಗಿಸಬಹುದು, ಏಕೆಂದರೆ ಎಲ್ಲ ಸರಿಯಾಗಿ ನಡೆಯಿತು. ಎರಡು ವಾರ ಏನೂ ಬದಲಿಸಲಿಲ್ಲ. ನಂತರ ವಾರಕ್ಕೆ 0.002ರಂತೆ ಏರಿಕೆ, ಅದೂ ಅಮೋನಿಯಾದಿಂದ ಬ್ಯಾಕ್ಟೀರಿಯಾಗಳು ಮಾಡುವ ಇನ್ನೊಂದು ವಿಷ, ನೈಟ್ರೈಟ್, ಸೊನ್ನೆ ತೋರಿಸಿದರೆ ಮಾತ್ರ. ತೇಲುವ ಮುಳ್ಳಿನ ಹೈಡ್ರೋಮೀಟರ್ ಬಿಟ್ಟು, ಬೆಳಕು ಬಾಗುವುದನ್ನು ನೋಡಿ ಉಪ್ಪು ಹೇಳುವ ರಿಫ್ರ್ಯಾಕ್ಟೋಮೀಟರಿನಲ್ಲಿ ಅಳತೆ.

ಈ ನಿಧಾನದ ಬಗ್ಗೆ ಮಾಷ್ಟ್ರು ಒಂದು ಒಳ್ಳೆಯ ತಕರಾರು ತೆಗೆದರು. ಕೋಡಿಬೆಂಗ್ರೆಯಲ್ಲಿ ಸುವರ್ಣಾ ಮತ್ತು ಸೀತಾ ನದಿಗಳು ಸಮುದ್ರ ಸೇರುವಲ್ಲಿ ಉಬ್ಬರ ಬಂದರೆ ಕೆಲವೇ ಗಂಟೆಗಳಲ್ಲಿ ನೀರು ಚಪ್ಪೆಯಿಂದ ಉಪ್ಪಾಗುತ್ತದೆ, ಇಳಿತದಲ್ಲಿ ಮತ್ತೆ ಚಪ್ಪೆ. ಅಲ್ಲಿನ ಮೀನಿಗೆ ವಾರ ವಾರ ಯಾರು ಕಾಯುತ್ತಾರೆ? ಮಾತು ನಿಜವೇ. ಇಂಥ ಮೀನಿನ ಕಿವಿರು ಉಪ್ಪನ್ನು ಒಳಗೆ ಎಳೆಯುವ ಕೆಲಸದಿಂದ ಹೊರಗೆ ಹಾಕುವ ಕೆಲಸಕ್ಕೆ ತಿರುಗಬಲ್ಲದು. ಚಪ್ಪೆ ನೀರಿನಲ್ಲಿ ಧಾರಾಳ ಮೂತ್ರ ವಿಸರ್ಜಿಸುವ ಮೀನು ಉಪ್ಪುನೀರಿನಲ್ಲಿ ನೀರು ಕುಡಿಯತೊಡಗುತ್ತದೆ. ಅಳಿವೆಯಲ್ಲಿ ಅದಕ್ಕೆ ಬೇಡವೆನಿಸಿದರೆ ಬೇರೆ ಪದರಕ್ಕೆ ಇಳಿಯುವ ದಾರಿಯೂ ಇದೆ. ಆದರೆ ಅಲ್ಲಿ ಕೊಳೆಯನ್ನು ಉಬ್ಬರವೇ ಒಯ್ಯುತ್ತದೆ. ಟ್ಯಾಂಕಿನಲ್ಲಿ ಆ ಕೆಲಸ ಫಿಲ್ಟರಿನ ಬ್ಯಾಕ್ಟೀರಿಯಾಗಳದ್ದು, ಅವು ಉಪ್ಪಿಗೆ ಮೀನಿನಷ್ಟು ಬೇಗ ಒಗ್ಗುವುದಿಲ್ಲ. ನಾವು ಕಾದದ್ದು ಮೀನಿಗಾಗಿ ಅಲ್ಲ. ಸಾಂದ್ರತೆ 1.015 ದಾಟಿದ ಮೇಲೆ ರೀಫ್ ಸಂಪಿನಿಂದ ಒಂದು ಬೊಗಸೆ ಕಲ್ಲಿನ ಚೂರು ತಂದು ಈ ಫಿಲ್ಟರಿಗೆ ಹಾಕಿದೆವು, ಉಪ್ಪಿಗೆ ಪಳಗಿದ ಬ್ಯಾಕ್ಟೀರಿಯಾಗಳು ಸಿಗಲಿ ಎಂದು. ಅಲ್ಲಿಂದ ಮುಂದೆ ನೈಟ್ರೈಟ್ ಏಳಲೇ ಇಲ್ಲ. ಮೀನುಗಳು ಬೆಳ್ಳಿ ಪಾತ್ರೆ ತೊಳೆದಿಟ್ಟ ಹಾಗೆ ಹೊಳೆಯತೊಡಗಿದವು. ಫೆಬ್ರವರಿಯ ಕೊನೆಗೆ 1.025. ಎರಡೂ 12 ಸೆಂ.ಮೀ. ಆಗಿದ್ದವು.

"ತಾತ್ಕಾಲಿಕ"

120 ಲೀಟರಿನ ಗಾಜಿನಲ್ಲಿ ಸುತ್ತು ಹೊಡೆಯುವ 12 ಸೆಂ.ಮೀ. ಮೀನುಗಳಿಗೆ ಜಾಗ ಸಾಲದು ಎನ್ನುವುದು ಕಣ್ಣಿಗೇ ಕಾಣುತ್ತಿತ್ತು. ದಾರಿ ಎರಡು. ಹವಳವಿಲ್ಲದ, ಮೀನಿಗಷ್ಟೇ ಮೀಸಲಾದ 6 ಅಡಿಯ ಟ್ಯಾಂಕ್ ಮಾಡಿಸುವುದು. ಅದಕ್ಕೆ ದುಡ್ಡೂ ಜಾಗವೂ ಬೇಕು. ಇಲ್ಲವೇ ಹೇಗೂ ಅದೇ ಉಪ್ಪಿನ ಮಟ್ಟದಲ್ಲಿರುವ ರೀಫ್ ಟ್ಯಾಂಕಿಗೆ ಬಿಡುವುದು. ಮಾಷ್ಟ್ರು ಕೇಳಿದರು: "ಉಪ್ಪಿಗಂತೂ ಹೊಂದಿದೆ. ರೀಫಿಗೆ ಬಿಡಬಹುದಲ್ಲ?"

ಬಿಡಬಹುದು, ತಾತ್ಕಾಲಿಕವಾಗಿ, ಎಂದೆ.

ಈ ಹವ್ಯಾಸದಲ್ಲಿ "ತಾತ್ಕಾಲಿಕ" ಎನ್ನುವ ಮಾತಿನಷ್ಟು ದುಬಾರಿ ಇನ್ನೊಂದಿಲ್ಲ. ನಾಲ್ಕು ತಿಂಗಳು ನಾವಿಬ್ಬರೂ ಒಂದೇ ಪ್ರಶ್ನೆಯನ್ನು ಉತ್ತರಿಸಲು ಹೆಣಗಿದ್ದೆವು: ಮೀನು ಉಪ್ಪು ತಾಳುತ್ತದೆಯೇ? ತಾಳುತ್ತದೆ ಎಂದು ಸಾಬೀತಾದ ಖುಷಿಯಲ್ಲಿ, ಟ್ಯಾಂಕು ಈ ಮೀನನ್ನು ತಾಳುತ್ತದೆಯೇ ಎಂಬ ಪ್ರಶ್ನೆ ಕೇಳುವುದೇ ಮರೆತುಹೋಯಿತು. ಬಾಯಿ ಎಷ್ಟು ಅಗಲ, ರಾತ್ರಿ ಏನು ಮಾಡುತ್ತದೆ, ದಿನಕ್ಕೆ ಎಷ್ಟು ತಿನ್ನುತ್ತದೆ, ತಿಂದದ್ದು ಎಲ್ಲಿಗೆ ಹೋಗುತ್ತದೆ. ಇವುಗಳಲ್ಲಿ ಯಾವುದಕ್ಕೂ ರಿಫ್ರ್ಯಾಕ್ಟೋಮೀಟರ್ ಉತ್ತರ ಹೇಳುವುದಿಲ್ಲ.

ಮೊದಲ ತಿಂಗಳು ನೋಡಲು ಹಬ್ಬ. ನೀಲಿ ಬೆಳಕಿನಲ್ಲಿ ಲೆದರ್ ಕೋರಲ್ ತೂಗುತ್ತಿರುವಾಗ ಎರಡು ಬೆಳ್ಳಿ ಮೀನುಗಳು ಅದರ ಹಿಂದಿನಿಂದ ಜೊತೆಯಾಗಿ ಹಾದುಹೋಗುವ ವಿಡಿಯೋ ಮಾಷ್ಟ್ರು ಕಳಿಸಿದ್ದರು. ನಾನೂ ನಾಲ್ಕು ಜನಕ್ಕೆ ತೋರಿಸಿದೆ.

ಏಪ್ರಿಲ್ ಮೊದಲ ವಾರ ಐದು ಕ್ರೋಮಿಸ್ ನಾಲ್ಕಾದವು. ಹಾರಿಬಿದ್ದಿರಬೇಕು ಎಂದು ಮಾಷ್ಟ್ರು ಸೋಫಾದ ಅಡಿ ಹುಡುಕಿದರು. ಹತ್ತು ದಿನಕ್ಕೆ ಮೂರಾದವು. ಕ್ಲೀನರ್ ಸಿಗಡಿಗಳಲ್ಲಿ ಒಂದರ ಮೀಸೆ ಮಾತ್ರ ಮರಳಲ್ಲಿ ಸಿಕ್ಕಿತು. ಕೆಂಪು ಕಾಗದ ಸುತ್ತಿದ ಟಾರ್ಚು ಹಿಡಿದು ರಾತ್ರಿ ಕಾಯಿರಿ ಎಂದೆ. ಒಂದು ಗಂಟೆಯ ಹೊತ್ತಿಗೆ ಅವರು ಕಂಡದ್ದು: ಹಗಲು ನೀರಿನ ನಡುವೆ ಠೀವಿಯಿಂದ ತಿರುಗುವ ಅದೇ ಮೀನುಗಳು ರಾತ್ರಿ ತಳಕ್ಕಿಳಿದು, ಮೀಸೆಗಳನ್ನು ಮುಂದೆ ಚಾಚಿ, ಕಲ್ಲಿನ ಸಂದು ಸಂದಿನಲ್ಲಿ ತಡಕುತ್ತಿದ್ದವು. ಮಲಗಿದ ಕ್ರೋಮಿಸ್ ಬಾಯಿಗೆ ಹೊಂದುವ ಗಾತ್ರದ್ದು, ಅಷ್ಟೇ. ದ್ವೇಷ ಏನೂ ಇಲ್ಲ.

ತಡಕಾಟದಲ್ಲಿ ಮರಳು ಎದ್ದು ಮಶ್ರೂಮ್‌ಗಳ ಮೇಲೆ ಕೂತಿತು. ಅಂಟಿಸದೆ ಇಟ್ಟಿದ್ದ ಜೋಆಂಥಿಡ್ ಕಲ್ಲುಗಳು ಬೆಳಗಾದರೆ ಮಗುಚಿ ಬಿದ್ದಿರುತ್ತಿದ್ದವು. ಇದನ್ನೆಲ್ಲ ಸಹಿಸಬಹುದಿತ್ತೇನೋ. ಸಹಿಸಲಾಗದ್ದು ಊಟದ ಲೆಕ್ಕ. ಎರಡು ಮೀನಿಗೆ ದಿನಾ ಸಿಗಡಿಯ ತುಂಡು, ಬೂತಾಯಿಯ ಚೂರು ಬೇಕು. ಈ ಊಟದ ಕೊಳೆ ಕೊನೆಗೆ ನೈಟ್ರೇಟ್, ಫಾಸ್ಫೇಟ್ ಆಗಿ ನೀರಿನಲ್ಲಿ ಉಳಿಯುತ್ತದೆ. ಮಾರ್ಚಿನಲ್ಲಿ ನೈಟ್ರೇಟ್ ಲೀಟರಿಗೆ 5 ಮಿಲಿಗ್ರಾಂ ಇದ್ದದ್ದು ಏಪ್ರಿಲ್ ಕೊನೆಗೆ 40 ಆಯಿತು. ಫಾಸ್ಫೇಟ್ 0.05ರಿಂದ 0.3ಕ್ಕೆ. ಗಾಜಿಗೆ ಕಂದು ಪಾಚಿ, ಕಲ್ಲಿಗೆ ಕೂದಲು ಪಾಚಿ. ಲೆದರ್ ಕೋರಲ್ ಮುಷ್ಟಿ ಮುಚ್ಚಿಕೊಂಡಿತು.

ಇಲ್ಲಿ ಎರಡನೆಯ ತಿರುವು, ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದ ನಡುಗಂಟು. ನೈಟ್ರೇಟ್ ಇಳಿಸಬೇಕೆಂದು ಮಾಷ್ಟ್ರು ಊಟ ಅರ್ಧಕ್ಕೆ ಇಳಿಸಿದರು. ಪುಸ್ತಕದ ಪ್ರಕಾರ ಸರಿಯಾದ ಕ್ರಮ. ನಾಲ್ಕನೇ ದಿನ ಒಂದು ಕ್ಲೌನ್ ಮಾಯವಾಯಿತು. ಮತ್ತೆ ಊಟ ಹೆಚ್ಚಿಸಿದರು, ಮೀನುಗಳ ಬೇಟೆ ನಿಂತಿತು, ನೈಟ್ರೇಟ್ 50 ಮುಟ್ಟಿತು. ಮೀನಿಗೆ ಸಾಕಾಗುವಷ್ಟು ಹಾಕಿದರೆ ಹವಳ ಸಾಯುತ್ತದೆ, ಹವಳಕ್ಕೆ ಒಗ್ಗುವಷ್ಟು ಹಾಕಿದರೆ ಸಣ್ಣ ಮೀನು ಸಾಯುತ್ತದೆ. ನಡುವೆ ನಿಲ್ಲುವ ಜಾಗವೇ ಇಲ್ಲ. ದೊಡ್ಡ ಸ್ಕಿಮ್ಮರ್, ಹೆಚ್ಚು ನೀರು ಬದಲಾವಣೆ, ಸಂಪಿನಲ್ಲಿ ಪಾಚಿ ಬೆಳೆಸುವುದು, ಎಲ್ಲ ಮಾಡಿದರು. ಅವು ದಿನಗಳನ್ನು ಮುಂದೂಡಿದವು, ಮೀನು ಮಾತ್ರ ಬೆಳೆಯುತ್ತಲೇ ಇತ್ತು. ಮೇ ಹೊತ್ತಿಗೆ 16 ಸೆಂ.ಮೀ.

ಆಗಲೇ ಹೊರಗೆ ತೆಗೆಯಬೇಕಿತ್ತು. ಶಾಲೆ ಶುರುವಾಗುವ ಮೊದಲು ಮಾಡುವಾ ಎಂದು ಮಾಷ್ಟ್ರು, ಮಾಡುವಾ ಎಂದು ನಾನು.

ಗುಡುಗು ಮಳೆಯ ರಾತ್ರಿ

ಮೇ ಮೂರನೇ ವಾರ, ಮಳೆಗಾಲಕ್ಕೆ ಮುಂಚಿನ ಗುಡುಗು ಮಳೆ. ರಾತ್ರಿ ಹನ್ನೆರಡಕ್ಕೆ ಕರೆಂಟು ಹೋಯಿತು. ಇನ್ವರ್ಟರಿಗೆ ಒಂದು ಪಂಪು ಮಾತ್ರ ಜೋಡಿಸಿತ್ತು, ಅದು ಮೂರರ ತನಕ ನಡೆದು ನಿಂತಿತು. ಚಿಲ್ಲರ್ ಇಲ್ಲ, ಸ್ಕಿಮ್ಮರ್ ಇಲ್ಲ. ನೀರು 31 ಡಿಗ್ರಿ. ಒಂದೇ ಉಷ್ಣತೆಯಲ್ಲಿ ಸಮುದ್ರದ ನೀರು ಸಿಹಿನೀರಿಗಿಂತ ಸುಮಾರು ಐದನೇ ಒಂದು ಪಾಲು ಕಡಿಮೆ ಆಮ್ಲಜನಕ ಹಿಡಿದಿಡುತ್ತದೆ. ಬಿಸಿಯಾದಷ್ಟೂ ಇನ್ನೂ ಕಡಿಮೆ. ಹೊಟ್ಟೆ ತುಂಬಿದ ಎರಡು ದೊಡ್ಡ ಮೀನುಗಳು ಆ ಟ್ಯಾಂಕಿನ ಉಳಿದೆಲ್ಲ ಜೀವಿಗಳ ಪಾಲನ್ನೂ ಉಸಿರಾಡುತ್ತಿದ್ದವು.

ಐದು ಗಂಟೆಗೆ ಎದ್ದ ಮಾಷ್ಟ್ರು ಮೊಂಬತ್ತಿ ಬೆಳಕಿನಲ್ಲಿ ಕಂಡದ್ದು ಮೇಲೆ ಬಾಯಿ ಬಿಡುತ್ತಿದ್ದ ಮೀನುಗಳನ್ನು. ಗಾಬರಿಯಲ್ಲಿ ಬಲೆ ಹಾಕಿ ಒಂದನ್ನು ಎತ್ತಿದರು. ಎದೆಯ ಮುಳ್ಳು ಬಲೆಗೆ ಸಿಕ್ಕಿಕೊಂಡಿತು. ಈ ಮೀನು ಹೆದರಿದರೆ ಮೂರೂ ಮುಳ್ಳುಗಳನ್ನು ನೆಟ್ಟಗೆ ನಿಲ್ಲಿಸಿ ಬೀಗ ಹಾಕಿಕೊಳ್ಳುತ್ತದೆ. ಹಿಂದಕ್ಕೆ ಬಾಗಿದ ಹಲ್ಲುಗಳಿರುವ ಮುಳ್ಳು ಬಲೆಯಿಂದ ಸುಲಭಕ್ಕೆ ಬಿಡದು. ಬರಿಗೈಯಲ್ಲಿ ಬಿಡಿಸಲು ಹೋದರು. ಮುಳ್ಳು ಅಂಗೈಗೆ ಇಳಿಯಿತು.

ಕೂಗು ಕೇಳಿ ಅಮ್ಮ ಬಂದರು. ಮಲ್ಪೆಯಲ್ಲಿ ತೇಡೆ ಸಿಕ್ಕರೆ ಮೊದಲು ಮುಳ್ಳು ಮುರಿದು ಆಮೇಲೆ ಬುಟ್ಟಿಗೆ ಹಾಕುವುದನ್ನು ನೋಡಿ ಬೆಳೆದವರು ಅವರು. ಬಚ್ಚಲಿನ ಹಂಡೆಯಲ್ಲಿ ಬೆಳಗಿನ ಸ್ನಾನಕ್ಕೆ ನೀರು ಕಾದಿತ್ತು. ತಮ್ಮ ಮೊಣಕೈ ಅದ್ದಿ ನೋಡಿ, ತಾಳುವಷ್ಟು ಬಿಸಿ ಮಾಡಿಕೊಂಡು ಮಗನ ಕೈ ಅದರಲ್ಲಿ ಇರಿಸಿದರು. ಆಧುನಿಕ ಪ್ರಥಮ ಚಿಕಿತ್ಸೆಯೂ ಇದನ್ನೇ ಹೇಳುತ್ತದೆ: ಸುಡದ, ಆದರೆ ತಾಳಬಹುದಾದಷ್ಟು ಬಿಸಿನೀರು, 45 ಡಿಗ್ರಿ ಆಸುಪಾಸು, ಅರ್ಧದಿಂದ ಒಂದೂವರೆ ಗಂಟೆ. ಈ ಮೀನಿನ ವಿಷ ಪ್ರೋಟೀನಿನದ್ದು, ಬಿಸಿಗೆ ಕೆಡುತ್ತದೆ. ಮೊಣಕೈಗೆ ಬಿಸಿ ನೋಡಬೇಕಾದದ್ದು ಬೇರೆಯವರು, ಏಕೆಂದರೆ ನೋವಿನ ಕೈಗೆ ಸುಡುವುದು ಗೊತ್ತಾಗುವುದಿಲ್ಲ. ನೋವು ಇಳಿದ ಮೇಲೂ ಆಸ್ಪತ್ರೆಗೆ ಹೋದರು. ಮುಳ್ಳಿನ ಒಂದು ಚೂರು ಒಳಗೆ ಮುರಿದಿತ್ತು. ತೆಗೆದು, ಟಿಟಿ ಚುಚ್ಚುಮದ್ದು ಕೊಟ್ಟು ಕಳಿಸಿದರು. ಹತ್ತು ದಿನ ಕೈ ಬಾತುಕೊಂಡಿತ್ತು.

ಕರೆಂಟು ಬಂದದ್ದು ಏಳಕ್ಕೆ. ಎರಡು ತೇಡೆಗಳೂ ಬದುಕಿದವು. ಉಳಿದ ಕ್ಲೌನ್ ಮತ್ತು ಬ್ಲೆನ್ನಿ ಸತ್ತಿದ್ದವು.

ಎಲ್ಲಿಗೆ ಕಳಿಸುವುದು

ಅಂಗಡಿಯವ ವಾಪಸು ತೆಗೆದುಕೊಳ್ಳಲು ಒಪ್ಪಿದ್ದ. ಆದರೆ ಅವನಲ್ಲಿ ಉಪ್ಪುನೀರಿನ ಟ್ಯಾಂಕೇ ಇಲ್ಲ. ಮರಳಿ ಚಪ್ಪೆ ನೀರಿಗೆ ಹಾಕಿ ಇನ್ನೊಬ್ಬರಿಗೆ ಶಾರ್ಕ್ ಎಂದು ಮಾರುತ್ತಾನೆ. ಮಾಷ್ಟ್ರಿಗೆ ಮನಸ್ಸಾಗಲಿಲ್ಲ. ಹತ್ತಿರದ ಬಂಧುವೊಬ್ಬರು, ಹೊಳೆಗೆ ಬಿಟ್ಟುಬಿಡು, ಶಿಶಿಲದಲ್ಲಿ ಮೀನಿಗೆ ಅಕ್ಕಿ ಹಾಕುವುದಿಲ್ಲವಾ, ಪುಣ್ಯ ಬರುತ್ತದೆ ಎಂದರು. ಶಿಶಿಲದ ಮತ್ಸ್ಯತೀರ್ಥದ ಪೆರುವೋಳು ಮೀನುಗಳು ಕಪಿಲಾ ನದಿಯವೇ, ಇದು ಪೆಸಿಫಿಕ್ ಕರಾವಳಿಯದ್ದು. ನಮ್ಮ ಅಳಿವೆಗಳು ಈ ಮೀನಿಗೆ ಹೇಳಿ ಮಾಡಿಸಿದಂತಿವೆ, ಬಿಡಬಾರದು ಎನ್ನಲು ಇದೇ ಕಾರಣ. ಬಿಟ್ಟದ್ದು ಒಗ್ಗಿಕೊಂಡರೆ ಏನಾಗುತ್ತದೆ ಎನ್ನುವುದಕ್ಕೆ ಕೇರಳದ ಹೊಳೆಗಳಲ್ಲಿ ತುಂಬಿದ ಸಕ್ಕರ್ ಮೀನು ಸಾಕು; ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಯನ್ನು ಸರಕಾರ ನಿಷೇಧಿಸಿದ್ದೂ ಇಂಥ ಭಯದಿಂದಲೇ. ಅಮ್ಮನ ಸಲಹೆ ಪುಳಿಮುಂಚಿ ಸಾರಿನದ್ದು. ಅದನ್ನು ಅವರು ನಗದೆಯೇ ಹೇಳಿದರು.

ಕೊನೆಗೆ ಫೆಬ್ರವರಿಯಲ್ಲಿ ಬಿಟ್ಟ ದಾರಿಗೇ ಬಂದೆವು. ಹಳೆಯದೊಂದು 6 ಅಡಿಯ ಟ್ಯಾಂಕ್, 2.5 ಅಡಿ ಅಗಲ, 2 ಅಡಿ ಎತ್ತರ, ಸುಮಾರು 850 ಲೀಟರ್. ಮಾಷ್ಟ್ರ ಗ್ಯಾರೇಜಿನಲ್ಲಿ ಬೈಕು ಹೊರಗೆ ಹೋಗಿ ಇದು ಒಳಗೆ ಬಂತು. ಹವಳ ಇಲ್ಲ, ಸಿಗಡಿ ಇಲ್ಲ. ತಳಕ್ಕೆ ನುಣುಪು ಮರಳು, ಅಡಗಲು ನಾಲ್ಕು ಇಂಚಿನ ಪಿವಿಸಿ ಕೊಳವೆಗಳು, ಬ್ಯಾಟರಿಯ ಏರ್‌ಪಂಪ್ ಎರಡು. ಸಾಂದ್ರತೆ 1.020ಕ್ಕೆ ಇಟ್ಟೆವು. ಮೀನಿಗೆ ಅದು ಧಾರಾಳ ಸಾಕು, ಉಪ್ಪಿನ ಖರ್ಚಿನಲ್ಲಿ ಐದನೇ ಒಂದು ಪಾಲು ಉಳಿಯುತ್ತದೆ. ರೀಫಿನಲ್ಲಿದ್ದಾಗ ಹವಳಕ್ಕಾಗಿ 1.025 ಬಿಟ್ಟು ಇಳಿಯುವ ಹಾಗಿರಲಿಲ್ಲ. ರೋಗ ಬಂದಿದ್ದರೆ ತಾಮ್ರದ ಔಷಧಿಯನ್ನೂ ಹಾಕುವ ಹಾಗಿರಲಿಲ್ಲ, ಅದು ಹವಳ, ಸಿಗಡಿ, ಬಸವನಹುಳುಗಳನ್ನು ಕೊಲ್ಲುತ್ತದೆ. ಅದೃಷ್ಟಕ್ಕೆ ಆ ಪರೀಕ್ಷೆ ಬರಲಿಲ್ಲ. ಜೂನಿನಲ್ಲಿ ರೀಫ್ ಟ್ಯಾಂಕನ್ನು ಅರ್ಧ ಬರಿದು ಮಾಡಿ, ಬಲೆ ಮುಟ್ಟದೆ, ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯೊಳಗೆ ಓಡಿಸಿ ಎರಡನ್ನೂ ಸಾಗಿಸಿದೆವು. ಇಪ್ಪತ್ತು ನಿಮಿಷದ ಕೆಲಸ.

ರೀಫ್ ಟ್ಯಾಂಕ್ ವಾರಕ್ಕೆ ಐದನೇ ಒಂದು ಪಾಲು ನೀರು ಬದಲಿಸುತ್ತಾ ಆರು ವಾರದಲ್ಲಿ ನೈಟ್ರೇಟ್ 10ಕ್ಕೆ ಇಳಿಯಿತು. ಲೆದರ್ ಕೋರಲ್ ಒಂದು ಪೊರೆ ಕಳಚಿ ಮತ್ತೆ ತೆರೆಯಿತು. ಮಶ್ರೂಮ್‌ಗಳಲ್ಲಿ ಅರ್ಧ ಹೋದವು.

ಈಗ ಯಾರಾದರೂ ಫೋನು ಮಾಡಿ ಅಳಿವೆಯ ಮೀಸೆ ಮೀನನ್ನು ರೀಫಿಗೆ ಬಿಡಬಹುದಾ ಎಂದರೆ ನಾನು ಉಪ್ಪಿನ ಮಾತೇ ತೆಗೆಯುವುದಿಲ್ಲ. ಬೆಳೆದಾಗ ಎಷ್ಟು ಉದ್ದ, ನಿಮ್ಮ ಟ್ಯಾಂಕಿನ ಅತಿ ಸಣ್ಣ ಮೀನು ಯಾವುದು, ಅದನ್ನು ಕಳೆದುಕೊಳ್ಳಲು ತಯಾರಿದ್ದೀರಾ ಎಂದು ಕೇಳುತ್ತೇನೆ. ಹಾಗಾದರೆ ನಿಜವಾಗಿ ಹವಳದ ದಿಬ್ಬದಲ್ಲೇ ಬದುಕುವ ಪಟ್ಟೆಯ ಮೀಸೆ ಮೀನು, ಪ್ಲೋಟೋಸಸ್ ಲೀನಿಯೇಟಸ್, ಆದೀತಾ ಎಂದು ಕೆಲವರು ಜಾಣತನ ತೋರುತ್ತಾರೆ. ಅದರ ಮರಿಗಳು ಚೆಂಡಿನಂತೆ ಒತ್ತಾಗಿ ತಿರುಗುವುದು ಚೆಂದವೇ. ಅದೂ 30 ಸೆಂ.ಮೀ. ಮುಟ್ಟುತ್ತದೆ, ಮುಳ್ಳಿನ ವಿಷ ಇನ್ನೂ ಜೋರು, ಹೊಟ್ಟೆ ಅಷ್ಟೇ ದೊಡ್ಡದು. ಹುಟ್ಟಿದೂರು ಹವಳವಾದ ಮಾತ್ರಕ್ಕೆ ಲೆಕ್ಕ ಬದಲಾಗುವುದಿಲ್ಲ.

ಮಾಷ್ಟ್ರ ಗ್ಯಾರೇಜಿನಲ್ಲಿ ಎರಡೂ ಈಗ 24 ಸೆಂ.ಮೀ. ಆಗಿವೆ. ಊಟ ಹಾಕುವುದು ಅಮ್ಮನ ಪಾಲಿಗೆ ಬಂದಿದೆ. ಅವರು ಚಪ್ಪಲಿ ಎಳೆಯುತ್ತಾ ಬಂದರೆ ಸಾಕು, ಎರಡೂ ಗಾಜಿನ ಮೂಲೆಗೆ ಬರುತ್ತವೆ. ರಾತ್ರಿ ಗಾಜಿಗೆ ಕಿವಿ ಇಟ್ಟರೆ ಗೊರ ಗೊರ ಸದ್ದು ಕೇಳಿಸುತ್ತದಂತೆ. ಈ ಜಾತಿಯ ಮೀನುಗಳು ಸದ್ದು ಮಾಡುವುದು ನಿಜ.

ಕಳೆದ ತಿಂಗಳು ಎರಡರಲ್ಲಿ ಒಂದು ಇದ್ದಕ್ಕಿದ್ದಂತೆ ಊಟ ಬಿಟ್ಟಿತು. ಬಾಯಿ ಬಿಗಿ ಮುಚ್ಚಿ ಕೊಳವೆಯೊಳಗೆ ಕೂತಿತು. ಮಾಷ್ಟ್ರು ಪರೀಕ್ಷೆ ಕಿಟ್ ಎಲ್ಲ ಹರಡಿಕೊಂಡು ನನಗೆ ಫೋನು ಮಾಡಿದರು. ಹಿಂದಿನಿಂದ ಅಮ್ಮನ ಸ್ವರ: "ಬಾಯಲ್ಲಿ ಮೊಟ್ಟೆ ಇದ್ದೀತು." ತೇಡೆಗಳಲ್ಲಿ ಗಂಡು ಗೋಲಿಯಷ್ಟು ದಪ್ಪದ ಮೊಟ್ಟೆಗಳನ್ನು ಬಾಯಲ್ಲಿಟ್ಟುಕೊಂಡು, ಮರಿಯಾಗುವ ತನಕ ಉಪವಾಸ ಇರುತ್ತದೆ. ಎಪ್ಪತ್ತರ ದಶಕದಲ್ಲಿ, ಹಿಂಡನ್ನೇ ಸುತ್ತುವರಿದು ಹಿಡಿಯುವ ಪರ್ಸೀನ್ ಬಲೆಗಳು ಬಂದ ಹೊಸತರಲ್ಲಿ ಹಾಗೆ ಬಾಯಿ ತುಂಬಿಕೊಂಡ ಗಂಡುಗಳ ಹಿಂಡು ಹಿಂಡೇ ಈ ಕರಾವಳಿಯಲ್ಲಿ ಬಲೆಗೆ ಬಿದ್ದಿದ್ದವು. ದಡದಲ್ಲಿ ಮೀನಿನ ಬಾಯಿಂದ ಹಳದಿ ಮೊಟ್ಟೆಗಳು ಉರುಳುತ್ತಿದ್ದದ್ದು ಅಮ್ಮನಿಗೆ ನೆನಪಿದೆ.

ಈ ಸಲ ಅವರ ಮಾತನ್ನು ನಾನು ಬರೆದಿಟ್ಟುಕೊಂಡೆ. ಕೊಳವೆ ಮುಟ್ಟಬೇಡಿ, ನೀರು ಬದಲಿಸಬೇಡಿ, ಕಾಯಿರಿ ಎಂದೆ. ಹನ್ನೆರಡನೇ ದಿನ ಅದು ಹೊರಗೆ ಬಂದು, ಅಮ್ಮ ಹಾಕಿದ ಸಿಗಡಿಯ ತುಂಡನ್ನು ಒಂದೇ ಗುಟುಕಿಗೆ ನುಂಗಿತು. ಬಾಯಲ್ಲಿ ಏನೂ ಇರಲಿಲ್ಲ. ಹಾಗಾದರೆ ಅದು ಹೆಣ್ಣು ಎಂದರು ಅಮ್ಮ.